ಸೌರಕಲೆಗಳನ್ನು (ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು) ಎಣಿಸಿ ಸೌರಚಕ್ರದ ಬಲವನ್ನು ಮೊದಲೇ ಹೇಳಬಹುದೇ?

ಹೇಳಬಹುದು, ಆದರೆ ಚಕ್ರ ಶುರುವಾದ ಮೇಲೆ. ಕಲೆಗಳು ಹೆಚ್ಚಿ ಮತ್ತೆ ಕಡಿಮೆಯಾಗುವ ಸುಮಾರು 11 ವರ್ಷದ ಈ ಚಕ್ರದಲ್ಲಿ ಅವು ಬೇಗಬೇಗ ಹೆಚ್ಚಿದಷ್ಟೂ ಶಿಖರ ಎತ್ತರವಾಗಿರುತ್ತದೆ. ಇದನ್ನು ವಾಲ್ಡ್‌ಮೈಯರ್ ಪರಿಣಾಮ ಎನ್ನುತ್ತಾರೆ. ಹಾಗಾಗಿ ಮೊದಲ ಎರಡು-ಮೂರು ವರ್ಷಗಳ ಎಣಿಕೆ ಕೈಗೆ ಸಿಕ್ಕರೆ ಅಂದಾಜು ಗಟ್ಟಿಯಾಗುತ್ತದೆ.

ಅದಕ್ಕೂ ಮೊದಲೇ ಹೇಳಬೇಕೆಂದರೆ ಕಲೆಗಳ ಸಂಖ್ಯೆಯೊಂದೇ ಸಾಲದು. ಕಲೆಗಳು ಚದುರಿ ಕರಗುವಾಗ ಅವುಗಳ ಕಾಂತಕ್ಷೇತ್ರದ ಸಣ್ಣ ಪಾಲು ಧ್ರುವಗಳತ್ತ ಸಾಗಿ ಅಲ್ಲಿ ಶೇಖರವಾಗುತ್ತದೆ. ಮುಂದಿನ ಚಕ್ರದ ಕಲೆಗಳಿಗೆ ಅದೇ ಬೀಜ. ಕಲೆಗಳು ತೀರಾ ಕಡಿಮೆಯಿರುವ ಹೊತ್ತಿನಲ್ಲಿ ಧ್ರುವಕ್ಷೇತ್ರ ಎಷ್ಟು ಬಲವಾಗಿದೆ ಎಂಬುದೇ, ನನ್ನ ಪ್ರಕಾರ, ಹೆಚ್ಚು ನಂಬಬಹುದಾದ ಸೂಚನೆ. ಆದರೂ ಲೆಕ್ಕ ತಪ್ಪುವುದುಂಟು: 25ನೇ ಚಕ್ರದ ಶಿಖರದಲ್ಲಿ ಸೌರಕಲೆ ಸಂಖ್ಯೆ ಸುಮಾರು 115 ಎಂದು 2019ರಲ್ಲಿ ತಜ್ಞರ ಸಮಿತಿ ಹೇಳಿತ್ತು, 2024ರ ಅಕ್ಟೋಬರ್‌ನಲ್ಲಿ ಸರಾಸರಿ 160 ದಾಟಿತು.