ಹಿನ್ನೀರಾಗ ಮೀನ ಎಲ್ಲೆಲ್ಲಿ, ಎಷ್ಟೆಷ್ಟು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮೂರು ಬೀಳಗಿ ತಾಲೂಕಿನಾಗ ಬರ್ತದ, ನಾನು ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಓದಾಕತ್ತೀನಿ. ನಮ್ಮ ಕಾಕಾಗೋಳು ಆಲಮಟ್ಟಿ ಹಿನ್ನೀರಾಗ ಹರಗೋಲ ಹಾಕ್ಕೊಂಡು ಮೀನ ಹಿಡೀತಾರ. ಅವರು ದಿನಾ ಎಷ್ಟು ಕೇಜಿ ತಂದ್ರು ಅಂತ ಬರಕೊಂಡು, ಸರಾಸರಿ ತಗದು, ಮ್ಯಾಪಿಗೆ ಹಚ್ಚಿ ಪ್ರಾಜೆಕ್ಟ್ ಮಾಡ್ಬೇಕಂತೀನಿ. ನಡೀತದೇನ್ರಿ?

ಉತ್ತರ: ಪ್ರಾಜೆಕ್ಟ್ ಮಾಡು ತಮ್ಮಾ, ಆದ್ರ ಹಿಂಗಲ್ಲ. ಕಾಕಾಗೋಳು ಮೀನ ಇರೋ ಕಡೆನ ಹೋಗ್ತಾರ, ಇಲ್ಲದ ಕಡೆ ಯಾಕ ಹೋದಾರು, ಹೊಟ್ಟಿಪಾಡಿನ ಮಾತು. ಆ ಸರಾಸರಿ ಹಿಡಕೊಂಡು ಇಡೀ ಹಿನ್ನೀರಿಗೆ ಗುಣಿಸಿದ್ರ ಕಾಗದದ ಮ್ಯಾಲೆ ನೀರಿಗಿಂತ ಮೀನಾನ ಹೆಚ್ಚಾಗ್ತಾವ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಇದ ಆತು ನೋಡು. ಕಾಡ್ (cod) ಅನ್ನೋ ಸಮುದ್ರದ ಮೀನ ಕಡಿಮಿ ಆಗ್ತಾ ಬಂದ್ವು, ಉಳಿದವು ಗುಂಪುಗುಂಪಾಗಿ ಒಂದ ಕಡೆ ಸೇರಿದ್ವು, ಹಡಗಿನವರಿಗೆ ಬಲಿ ತುಂಬ ಸಿಗಾಕತ್ತಿದ್ವು, ಅವರ ಲೆಕ್ಕ ನಂಬಿದ್ದಕ್ಕ ಮೀನ ಭಾಳ ಅದಾವ ಅಂತ ಕಾಣ್ತಿತ್ತು, ಕಡೀಕ 1992ರಾಗ ಹಿಡಿಯೋದನ್ನ ಬಂದ್ ಮಾಡಬೇಕಾತು. ನಿಮ್ಮ ಕಡೆನೂ ಹಂಗ ಆಗಬಹುದು. ಡ್ಯಾಮ್ ತುಂಬಿದಾಗ ನೀರು ಸಮುದ್ರಮಟ್ಟದಿಂದ 519.60 ಮೀಟರಿಗೆ ಏರಿ ದೂರದ ತನಕ ಹರವಿರ್ತದ, ಬ್ಯಾಸಿಗ್ಯಾಗ ನೀರು ಇಳದು ಇದ್ದಷ್ಟ ಮೀನ ಇಕ್ಕಟ್ಟಾಗ್ತಾವ, ಬಲಿಗೆ ಜಾಸ್ತಿ ಬೀಳ್ತಾವ, ಸಂತತಿ ಏನ ಹೆಚ್ಚಾಗಿರೂದಿಲ್ಲ.

ಅದಕ್ಕ ಮ್ಯಾಪ್ ಮ್ಯಾಲೆ ಚೌಕಳಿ ಹಾಕಿ, ನದಿಯ ಹಳೇ ಹರಿವು, ದಂಡಿ, ಹಳ್ಳ ಬಂದು ಕೂಡೋ ಜಾಗ ಅಂತ ಬ್ಯಾರೆಬ್ಯಾರೆ ಮಾಡಿ, ಪ್ರತಿಯೊಂದರಾಗೂ ಚೀಟಿ ಎತ್ತಿ ಚೌಕ ಆರಿಸು. ಬಲಿ ಕಣ್ಣು ಒಂದ ಅಳತಿ ಇರಲಿ, ನೀರಾಗ ಬಿಡೋ ತಾಸೂ ಅಷ್ಟ. ಖಾಲಿ ಬಂದ ಬಲಿನೂ ಬರೀಬೇಕು, ಸೊನ್ನಿ ಅಂತ, ಎಲ್ಲಾರೂ ಬಿಡೋದು ಇದನ್ನ. ಇನ್ನ ಕಾಟ್ಲಾ ಮ್ಯಾಲಿನ ನೀರಾಗ, ರೋಹು ನಡುವ, ಮೃಗಾಲ್ ತಳದಾಗ ಮೇಯ್ತಾವ, ಮೂರನ್ನೂ ಕೂಡಿಸಿ ಒಂದ ನಂಬರ್ ಮಾಡಬ್ಯಾಡ.

ಆಮ್ಯಾಲೆ ವೇರಿಯೋಗ್ರಾಮ್ ತಗಿ. ಎರಡು ಜಾಗದ ನಡುವ ದೂರ ಹೆಚ್ಚಾದಂಗ ಮೀನಿನ ವ್ಯತ್ಯಾಸ ಎಷ್ಟು ಹೆಚ್ಚಾಗ್ತದ, ಎಷ್ಟು ದೂರಕ್ಕ ಹೋದ ಮ್ಯಾಲೆ ಒಂದಕ್ಕೊಂದು ಸಂಬಂಧನ ಉಳಿಯೂದಿಲ್ಲ ಅನ್ನೋದು ಅದರಾಗ ಕಾಣ್ತದ. ಬಲಿ ಹಾಕದ ಜಾಗಾದ ಅಂದಾಜು ತಗಿಯೋದು ಕ್ರಿಗಿಂಗ್. ದಕ್ಷಿಣ ಆಫ್ರಿಕಾದ ಬಂಗಾರದ ಗಣಿ ಇಂಜಿನಿಯರ್ ಡ್ಯಾನಿ ಕ್ರಿಗೆ 1951ರಾಗ ಅದಿರಿನ ಅಂದಾಜಿಗೆ ಇದನ್ನ ಶುರು ಮಾಡಿದ್ದು, ಮುಂದ ಫ್ರಾನ್ಸಿನ ಜಾರ್ಜ್ ಮಾಥೆರಾನ್ ಗಣಿತಕ್ಕ ಕುಂಡ್ರಿಸಿದ್ರು. ಆದ್ರ ಬಂಗಾರ ಕುಂತಲ್ಲೇ ಕುಂತಿರ್ತದ, ಮೀನ ಓಡಾಡ್ತಾವ, ಅದಕ್ಕ ಒಂದು ಸರ್ವೇ ಕೆಲವ ದಿನದಾಗ ಮುಗೀಲಿ, ತಿಂಗಳಾನುಗಟ್ಟಲೆ ಎಳೀಬ್ಯಾಡ. ಸೊನ್ನಿ ಭಾಳ ಬಂದ್ರ ಎರಡು ಹಂತ ಮಾಡು, ಮೊದಲ ಮೀನ ಅದಾವೋ ಇಲ್ಲೋ, ಇದ್ರ ಎಷ್ಟು.

ನಿಮ್ಮ ಜಾಗಾಕ್ಕ ಖಾಸಾ ತೊಡಕು ದೂರದ್ದು. ಘಟಪ್ರಭಾ ಚಿಕ್ಕಸಂಗಮದ ಹತ್ತರ ಕೃಷ್ಣಾಕ್ಕ ಕೂಡ್ತದ, ಹಿನ್ನೀರು ಎರಡೂ ಕಣಿವ್ಯಾಗ ಚಾಚೇದ, ನಡುವ ಒಣ ನೆಲ. ಸ್ಕೇಲ್ ಇಟ್ಟು ಅಳದ್ರ ಎರಡು ಚೌಕ ಹತ್ತರ ಅನಿಸ್ತಾವ, ಆದ್ರ ಮೀನ ನೆಲದ ಮ್ಯಾಲೆ ನಡದು ಹೋಗಾಂಗಿಲ್ಲ, ಸಂಗಮ ಸುತ್ತಿ ಬರಬೇಕು. ನೀರಿನ ದಾರಿ ಅಳದು ದೂರ ತಗೋ, ಅದಕ್ಕ ಆರ್ (R, ಲೆಕ್ಕದ ಸಾಫ್ಟ್‌ವೇರ್) ಮತ್ತ ಕ್ಯೂಜಿಐಎಸ್ (QGIS, ಮ್ಯಾಪಿನ ಸಾಫ್ಟ್‌ವೇರ್) ಎರಡೂ ಪುಕ್ಕಟೆ ಸಿಗ್ತಾವ. ಆದ್ರ ಸ್ಕೇಲ್ ದೂರಕ್ಕಂತ ಮಾಡಿದ ಸೂತ್ರ ನೀರಿನ ದಾರಿ ದೂರಕ್ಕ ಹಂಗ ನಡಿಯೂದಿಲ್ಲ, ಮಾಡೆಲ್ ಸರಿ ಕುಂಡ್ರತದೋ ಇಲ್ಲೋ ಗೈಡ್ ಕಡೆ ಚೆಕ್ ಮಾಡಿಸ್ಕೋ.

ಪ್ರಶ್ನೆ: ನಮ್ಮೂರ ಸಣ್ಣ ಕೆರಿಗೂ ಇಷ್ಟೆಲ್ಲಾ ಬೇಕೇನ್ರಿ? – ನಿಡಗುಂದಿ

ಉತ್ತರ: ಬ್ಯಾಡ. 100 ಮೀನ ಹಿಡದು ರೆಕ್ಕಿ ತುದಿಗೆ ಸ್ವಲ್ಪ ಗುರ್ತು ಮಾಡಿ ಬಿಡ್ರಿ, ಕೆಲವ ದಿನ ಬಿಟ್ಟು 50 ಹಿಡದ್ರ ಅದರಾಗ 5 ಗುರ್ತಿನವು ಬಂದ್ರ, ಅಂದ್ರ ಹತ್ತಕ್ಕ ಒಂದು ಗುರ್ತಿಂದು, ಕೆರಿಯಾಗ ಸುಮಾರು 1000 ಅದಾವ ಅಂತ. ಬಿಟ್ಟ ಮೂಲ್ಯಾಗ ಮತ್ತ ಬಲಿ ಹಾಕಬ್ಯಾಡ್ರಿ ಮತ್ತ, ಗುರ್ತಿನವ ಹೆಚ್ಚು ಸಿಕ್ಕು ಲೆಕ್ಕ ಕಡಿಮಿ ಬರ್ತದ.