ಗುಲ್ಮಾರ್ಗ್‌ನಲ್ಲಿ ಸ್ನೋಬೋರ್ಡಿಂಗ್ ಮಾಡಲು ತಂಪು ಕನ್ನಡಕ ಸಾಕೇ, ಗಾಗಲ್ಸ್ ಬೇಕೇ?

ಕಣ್ಣಿನ ಸುತ್ತ ಮುಖಕ್ಕೆ ಒತ್ತಿ ಕೂರುವ ಗಾಗಲ್ಸ್ ಬೇಕೇ ಬೇಕು. ಹೊಸದಾಗಿ ಬಿದ್ದ ಹಿಮವು ಅತಿನೇರಳೆ (ಯುವಿ) ಕಿರಣಗಳನ್ನು ಶೇ 80ರವರೆಗೂ ಪ್ರತಿಫಲಿಸುತ್ತದೆ. ಎತ್ತರವು 1,000 ಮೀಟರ್ ಹೆಚ್ಚಿದಾಗಲೆಲ್ಲ ಆ ಕಿರಣಗಳ ತೀವ್ರತೆಯೂ ಸುಮಾರು ಶೇ 10ರಷ್ಟು ಏರುತ್ತದೆ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ, ಗೊಂಡೋಲಾ (ಕೇಬಲ್ ಕಾರ್) ಹತ್ತಿದರೆ ಇನ್ನೂ ಮೇಲೆ. ಕೆಳಗಿನಿಂದಲೂ ಪಕ್ಕದಿಂದಲೂ ನುಗ್ಗುವ ಈ ಬೆಳಕನ್ನು ಸಾಮಾನ್ಯ ತಂಪು ಕನ್ನಡಕವು ಪೂರ್ತಿ ತಡೆಯಲಾರದು; ಬಿದ್ದಾಗ ಅದು ಮುಖದ ಮೇಲೆ ನಿಲ್ಲುವುದೂ ಅನುಮಾನ. ಈ ಕಿರಣಗಳಿಂದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸುಟ್ಟ ನೋವು ಕೆಲವು ಗಂಟೆಗಳ ಬಳಿಕವಷ್ಟೇ ಕಾಣಿಸಿಕೊಳ್ಳುವುದರಿಂದ, ಇಳಿಜಾರಿನಲ್ಲಿರುವಾಗ ಅಪಾಯದ ಅರಿವೇ ಆಗುವುದಿಲ್ಲ.

ಆಯ್ಕೆಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಲೆನ್ಸಿಗೆ. ಗಾಢ ಬಣ್ಣವೆಂದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ತಿಳಿವಳಿಕೆ. ‘ಯುವಿ 400’ ಅಥವಾ ಶೇ 100 ಯುವಿ ರಕ್ಷಣೆ ಎಂಬ ನಮೂದು ಇರಬೇಕು. ಬಣ್ಣ ನಿರ್ಧರಿಸುವುದು ಎಷ್ಟು ಬೆಳಕು ಒಳಬರಬೇಕೆಂಬುದನ್ನು ಮಾತ್ರ. ಎಷ್ಟು ಬೆಳಕು ಬಿಡುತ್ತದೆ ಎಂಬುದರ ಮೇಲೆ ಲೆನ್ಸ್‌ಗಳನ್ನು ‘ಎಸ್’ ಸಂಖ್ಯೆಯ ವರ್ಗಗಳಾಗಿ ವಿಂಗಡಿಸುತ್ತಾರೆ; ಪ್ರಖರ ಬಿಸಿಲಿಗೆ ಶೇ 8ರಿಂದ 18ರಷ್ಟು ಬೆಳಕು ಬಿಡುವ ಎಸ್3 ವರ್ಗ ಸರಿ. ಮೋಡ ಕವಿದು ಹಿಮದ ಉಬ್ಬುತಗ್ಗುಗಳೆಲ್ಲ ಒಂದೇ ಬಿಳುಪಾಗಿ ಕಾಣುವಾಗ ಶೇ 43ಕ್ಕಿಂತ ಹೆಚ್ಚು ಬಿಡುವ ಹಳದಿ ಅಥವಾ ಗುಲಾಬಿ ಛಾಯೆಯ ಎಸ್1 ಬೇಕು. ಒಂದೇ ಕೊಳ್ಳುವುದಾದರೆ ನಡುವಿನ ಎಸ್2 ಸಾಕು.

ಎರಡು ಪದರದ ಲೆನ್ಸ್ ಮತ್ತು ಗಾಳಿಕಿಂಡಿಗಳಿದ್ದರೆ ಮಂಜು ಕಟ್ಟುವುದು ಕಡಿಮೆ. ಒಳಮೈ ಒದ್ದೆಯಾದರೆ ಉಜ್ಜಬೇಡಿ, ಮಂಜುನಿರೋಧಕ ಲೇಪನ ಕಿತ್ತುಹೋಗುತ್ತದೆ. ಮೆತ್ತನೆಯ ಬಟ್ಟೆಯನ್ನು ಹಗುರವಾಗಿ ಒತ್ತಿ ತೇವ ತೆಗೆಯಿರಿ. ಕೊಳ್ಳುವಾಗ ಹೆಲ್ಮೆಟ್ ಧರಿಸಿಯೇ ಹಾಕಿ ನೋಡಿ: ಹಣೆಯ ಬಳಿ ಸಂದಿ ಇರಬಾರದು, ಮೂಗು ಒತ್ತಬಾರದು. ಪವರ್ ಕನ್ನಡಕ ಇರುವವರು ಅದರ ಮೇಲೆಯೇ ಧರಿಸುವಂತಹ, ಆಳವಾದ ಚೌಕಟ್ಟಿನ ಮಾದರಿಯನ್ನು ಕೇಳಿ ಪಡೆಯಬೇಕು.