ಇಳಿಜಾರಿನ ಖರ್ಚು, ದುಡಿಮೆಯ ಲೆಕ್ಕ

ಪ್ರಶ್ನೆ: ತೊಗರಿಬೇಳೆ ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯುತ್ತ ತಿಂಗಳಿಗೆ 9,000 ರೂಪಾಯಿ ಗಳಿಸುತ್ತಿದ್ದ ನನ್ನ ತಮ್ಮ ಎರಡು ವರ್ಷಗಳ ಹಿಂದೆ ಮಾಳಿಗೆಯಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡಿದ್ದಾನೆ. ಅವನನ್ನು ನೋಡಿಕೊಳ್ಳಲು ನಮ್ಮವ್ವ 300 ರೂಪಾಯಿಯ ದಿನಗೂಲಿ ಬಿಟ್ಟಿದ್ದಾಳೆ. ತಾನಾಗಿ ಬಂದು ಹೋಗುವುದಾದರೆ ಮತ್ತೆ ಕೆಲಸ ಕೊಡುವುದಾಗಿ ಮಿಲ್ಲಿನವರು ಹೇಳುತ್ತಾರೆ. ಗಾಲಿಕುರ್ಚಿ ಓಡಾಡಲು ಇಳಿಜಾರು ಕಟ್ಟಿ ಶೌಚಾಲಯದ ಬಾಗಿಲು ಅಗಲಿಸಲು ಗೌಂಡಿ 28,000 ರೂಪಾಯಿ ಹೇಳಿದ್ದಾರೆ. ಬೆಳಿಗ್ಗೆ, ಸಂಜೆ ಸಹಾಯಕ್ಕೆ ಬರಲು ನೆರೆಮನೆಯ ಹುಡುಗ ತಿಂಗಳಿಗೆ 3,500 ಕೇಳುತ್ತಾನೆ. ಬಂಧುಗಳು ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಮಾಸಾಶನ ಸಾಕು, ಇಲ್ಲವೇ ಆಶ್ರಮಕ್ಕೆ ಸೇರಿಸಿ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಚಿತ್ತಾಪುರ ತಾಲ್ಲೂಕು

ಉತ್ತರ: ನಿಮ್ಮ ಬಂಧುಗಳು ಕೈಯಿಂದ ಹೋಗುವ ಹಣವನ್ನಷ್ಟೇ ಎಣಿಸಿದ್ದಾರೆ, ಮನೆಗೆ ಬಾರದೆ ಉಳಿದ ಹಣವನ್ನು ಎಣಿಸಿಲ್ಲ. ಅವ್ವನಿಗೆ ತಿಂಗಳಲ್ಲಿ 20 ದಿನ ಕೂಲಿ ಸಿಗುತ್ತಿತ್ತೆಂದು ಹಿಡಿದರೆ 6,000, ತಮ್ಮನ ಸಂಬಳ 9,000, ಹೀಗೆ ಪ್ರತಿ ತಿಂಗಳೂ 15,000 ರೂಪಾಯಿ ನಿಂತುಹೋಗಿದೆ. ಇಬ್ಬರೂ ಮತ್ತೆ ದುಡಿಯುವಂತಾದರೆ, ಸಹಾಯಕನಿಗೆ 3,500, ತಮ್ಮ ಮಿಲ್ಲಿಗೆ ಹೋಗಿಬರುವ ಆಟೋ ಬಾಡಿಗೆಗೆ 2,000 ಎಂದು ಹಿಡಿದು ಕಳೆದರೂ 9,500 ಉಳಿಯುತ್ತದೆ. ಗೌಂಡಿ ಹೇಳಿದ ಮೊತ್ತ ಮೂರೇ ತಿಂಗಳಲ್ಲಿ ಹಿಂದಿರುಗುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾಗುವುದರಿಂದ ಈ ಲೆಕ್ಕ ಏರುಪೇರಾಗಬಹುದು. ಆದರೆ ಮಿಲ್ಲಿನ ಕೆಲಸ ಕೈತಪ್ಪಿದರೂ, ಅವ್ವ ಕೂಲಿಗೆ ಹೋಗುವಂತಾದರೆ ಸಹಾಯಕನ ಸಂಬಳ ಕೊಟ್ಟು 2,500 ರೂಪಾಯಿ ಮಿಗುತ್ತದೆ.

ಆಸ್ಪತ್ರೆಯ ಖರ್ಚನ್ನೂ ಇಲ್ಲಿಯೇ ನೆನೆಯಬೇಕು. ಸ್ಪರ್ಶಜ್ಞಾನವಿಲ್ಲದ ದೇಹದಲ್ಲಿ ಒಂದೇ ಮಗ್ಗುಲಲ್ಲಿ ಉಳಿದರೆ ಹಾಸಿಗೆ ಹುಣ್ಣಾಗುತ್ತದೆ, ಅದು ಎಲುಬಿನವರೆಗೆ ಇಳಿದರೆ ವಾರಗಟ್ಟಲೆ ಆಸ್ಪತ್ರೆವಾಸ ತಪ್ಪದು. ಮೆತ್ತನೆಯ ಆಸನವಿರುವ ಗಾಲಿಕುರ್ಚಿ, ಆಗಾಗ ಭಾರ ಬದಲಿಸುವ ಅಭ್ಯಾಸ, ದಿನವೂ ಚರ್ಮವನ್ನು ಗಮನಿಸುವ ಸಹಾಯಕ, ಇವು ಆ ದೊಡ್ಡ ವೆಚ್ಚವನ್ನು ಬಹುಮಟ್ಟಿಗೆ ತಡೆಯುತ್ತವೆ.

ಸ್ವತಂತ್ರ ಬದುಕು ಎಂದರೆ ಯಾರ ನೆರವೂ ಇಲ್ಲದ ಬದುಕಲ್ಲ. ಯಾವ ನೆರವು, ಯಾವಾಗ, ಯಾರಿಂದ ಎಂಬುದನ್ನು ಆ ವ್ಯಕ್ತಿಯೇ ತೀರ್ಮಾನಿಸುವ ಬದುಕು. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅಂಗವಿಕಲರ ಹಕ್ಕುಗಳ ಹೋರಾಟಗಾರ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು ಆರಂಭಿಸಿದ ಸ್ವತಂತ್ರ ಬದುಕಿನ ಕೇಂದ್ರವನ್ನು ಅಂಗವೈಕಲ್ಯವುಳ್ಳವರೇ ನಡೆಸಿದ್ದು ಈ ನಂಬಿಕೆಯಿಂದಲೇ. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೇ ಕಲಮೂ ಅಂಗವಿಕಲರಿಗೆ ಸಮುದಾಯದಲ್ಲಿ ಬದುಕುವ ಹಕ್ಕಿದೆ, ನಿರ್ದಿಷ್ಟ ವಾಸದ ವ್ಯವಸ್ಥೆಯಲ್ಲೇ ಇರಬೇಕಾದ ಬಲವಂತ ಅವರಿಗೆ ಬಾರದಂತೆ ಸರ್ಕಾರ ಯತ್ನಿಸಬೇಕು ಎನ್ನುತ್ತದೆ. ಆದ್ದರಿಂದ ಆಶ್ರಮದ ಮಾತನ್ನು ನಿಮ್ಮ ತಮ್ಮನ ಒಪ್ಪಿಗೆಯಿಲ್ಲದೆ ಯಾರೂ ಎತ್ತಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಮೊದಲು ನಿಮ್ಮ ತಮ್ಮನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಗಾಲಿಕುರ್ಚಿಗೆ ಅರ್ಜಿ ಹಾಕಿ. ಬಡತನ ನಿರ್ಮೂಲನೆಯ ಯೋಜನೆಗಳಲ್ಲಿ ಅದೇ ಅಧಿನಿಯಮದ 37ನೇ ಕಲಮು ಶೇ. 5ರಷ್ಟು ಮೀಸಲಾತಿ ಹೇಳುವುದರಿಂದ, ಪಂಚಾಯಿತಿಯಲ್ಲಿ ಅದನ್ನೂ ಲಿಖಿತವಾಗಿ ಕೇಳಿ. ಗೌಂಡಿಗೆ, ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದು ತಿಳಿಸಿ. ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚೀತು. ನಮ್ಮ ಕಡೆ ಸುಲಭವಾಗಿ ಸಿಗುವ ಶಹಾಬಾದ್ ಕಲ್ಲನ್ನೇ ಹಾಸಬಹುದು, ಆದರೆ ಪಾಲಿಶ್ ಮಾಡಿದ್ದು ಮಳೆಗೆ ಜಾರುತ್ತದೆ, ಒರಟು ಮುಖ ಮೇಲೆ ಬರಲಿ. ನೆರೆಮನೆಯ ಹುಡುಗ ಎಷ್ಟು ಗಂಟೆಗೆ ಬರಬೇಕೆಂಬುದನ್ನು ಮಿಲ್ಲಿನ ವೇಳೆ ನೋಡಿಕೊಂಡು ನಿಮ್ಮ ತಮ್ಮನೇ ನಿಗದಿಮಾಡಲಿ.